ಅಣುವಿದ್ಯುತ್ ಸ್ಥಾವರ: ಬೇಕೆ, ಬೇಡವೆ? ಬೆಳೆಗಾರರು ತಿಳಿದಿರಬೇಕಾದ ಕೆಲವು ಸಂಗತಿಗಳು

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ಈಗಿರುವ ನಾಲ್ಕು ಅಣುವಿದ್ಯುತ್ ಘಟಕಗಳ ಜೊತೆಗೆ ಇನ್ನೆರಡು ದೊಡ್ಡ ಘಟಕಗಳು ಬರಲಿವೆ. ಇದರ ಬಗ್ಗೆ ಸದಸ್ಯರಲ್ಲಿ ಎರಡು ಅಭಿಪ್ರಾಯಗಳಿವೆ. ಬೇಸಿಗೆಯಲ್ಲಿ ಪಂಪು ಓಡಬೇಕಾದರೆ ಕರೆಂಟು ಎಲ್ಲಿಂದಲಾದರೂ ಬರಲೇಬೇಕಲ್ಲ ಎಂದು ಕೆಲವರು ಕೇಳುತ್ತಾರೆ. ಬೆಂಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತೋಟ ಮಾಡುವುದು ಹೇಗೆ ಎಂದು ಇನ್ನು ಕೆಲವರು ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದ್ದರಿಂದ ಎರಡೂ ಕಡೆಯ ವಾದಗಳನ್ನು ಇಲ್ಲಿ ಮುಂದಿಡುತ್ತಿದ್ದೇವೆ. ಕೊನೆಯಲ್ಲಿ, ನಮ್ಮ ತೋಟಕ್ಕೆ ನೇರವಾಗಿ ತಟ್ಟುವ ವಿಷಯಗಳಲ್ಲಿ ನಾವು ಏನನ್ನು ಕೇಳಿ ಪಡೆಯಬೇಕೆಂಬುದನ್ನೂ ಹೇಳುತ್ತೇವೆ.

ಕೈಗಾ ಬೆಳೆದು ಬಂದ ಬಗೆ

ಕಾಳಿ ನದಿಯ ದಡದ ಕೈಗಾದಲ್ಲಿ 1989ರಲ್ಲಿ ಸ್ಥಾವರದ ಕಾಮಗಾರಿ ಆರಂಭವಾಯಿತು. ವಿರೋಧ ಅದಕ್ಕೂ ಮೊದಲೇ ಎದ್ದಿತ್ತು. ಹೊನ್ನಾವರದ ಬಳಿಯ ಕಾಸರಕೋಡಿನಲ್ಲಿ ವೈದ್ಯಸೇವೆ ಮಾಡುತ್ತಿದ್ದ ಡಾ. ಕುಸುಮಾ ಸೊರಬ ಮುಂತಾದವರು ಊರೂರು ತಿರುಗಿ ಜನರಿಗೆ ವಿಷಯ ತಿಳಿಸಿದರು. ಶಿವರಾಮ ಕಾರಂತರು 1989ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಕಾರವಾರ ಸೀಮೆಯಿಂದ ಲೋಕಸಭೆಗೆ ಸ್ಪರ್ಧಿಸಿದರು. 1983ರಿಂದ 1987ರವರೆಗೆ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಡಾ. ರಾಜಾ ರಾಮಣ್ಣನವರೂ ಕನ್ನಡಿಗರೇ. ಹೀಗೆ ಈ ಚರ್ಚೆ ನಮ್ಮವರ ನಡುವೆಯೇ ನಡೆದುದು.

1994ರ ಮೇ 13ರಂದು, ಒಂದನೇ ಘಟಕ ಕಟ್ಟುತ್ತಿರುವಾಗಲೇ, ಅದರ ಒಳಗುಮ್ಮಟದ ಕಾಂಕ್ರೀಟು ನೂರಕ್ಕೂ ಹೆಚ್ಚು ಟನ್ ಕಳಚಿ ಬಿದ್ದು ಕಾರ್ಮಿಕರು ಗಾಯಗೊಂಡರು. ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಅಪಾಯವಾಗಲಿಲ್ಲ. ಗುಮ್ಮಟದ ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. ಮೊದಲೆರಡು ಘಟಕಗಳು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಒಂದೊಂದರ ಶಕ್ತಿ 220 ಮೆಗಾವಾಟ್, ಒಟ್ಟು 880 ಮೆಗಾವಾಟ್.

ಹೊಸ 5 ಮತ್ತು 6ನೇ ಘಟಕಗಳು ತಲಾ 700 ಮೆಗಾವಾಟಿನವು. ದೇಶದಲ್ಲಿ ಇಂಥ ಹತ್ತು ಘಟಕಗಳನ್ನು ಕಟ್ಟಲು ಕೇಂದ್ರ ಸಂಪುಟ 2017ರಲ್ಲಿ ಒಪ್ಪಿಗೆ ಕೊಟ್ಟಿತು. ಕೈಗಾದ ಬಗ್ಗೆ ಸಾರ್ವಜನಿಕ ಅಹವಾಲು ಸಭೆ 2018ರ ಡಿಸೆಂಬರಿನಲ್ಲಿ ನಡೆಯಿತು. ಅಲ್ಲಿ ವಿರೋಧ ಬಲವಾಗಿಯೇ ಇತ್ತು. 2019ರಲ್ಲಿ ಪರಿಸರ ಅನುಮತಿ ದೊರೆಯಿತು. 2025ರಲ್ಲಿ ಮುಖ್ಯ ನಿರ್ಮಾಣದ ಗುತ್ತಿಗೆಯನ್ನೂ ಕೊಟ್ಟಾಗಿದೆ.

ಸ್ಥಾವರ ಕೆಲಸ ಮಾಡುವ ರೀತಿ

ಕಲ್ಲಿದ್ದಲು ಸ್ಥಾವರಕ್ಕೂ ಅಣುಸ್ಥಾವರಕ್ಕೂ ಇರುವ ಮುಖ್ಯ ವ್ಯತ್ಯಾಸ ಒಲೆಯಲ್ಲಿ ಮಾತ್ರ. ಎರಡರಲ್ಲೂ ನೀರು ಕಾಯಿಸಿ, ಉಗಿಯಿಂದ ಚಕ್ರ ತಿರುಗಿಸಿ, ವಿದ್ಯುತ್ ತೆಗೆಯುತ್ತಾರೆ. ಅಣುಸ್ಥಾವರದಲ್ಲಿ ಶಾಖ ಬರುವುದು ಯುರೇನಿಯಂ ಪರಮಾಣು ಒಡೆಯುವುದರಿಂದ. ಕೈಗಾದಲ್ಲಿ ನೈಸರ್ಗಿಕ ಯುರೇನಿಯಮ್ಮನ್ನೇ ಇಂಧನವಾಗಿ ಬಳಸುತ್ತಾರೆ. ಇದರಲ್ಲಿ ಸುಲಭವಾಗಿ ಒಡೆಯುವ ಅಂಶ ನೂರಕ್ಕೆ 0.7ರಷ್ಟು ಮಾತ್ರ. ಅಷ್ಟರಲ್ಲೇ ಕ್ರಿಯೆ ಮುಂದುವರಿಯಬೇಕಾದರೆ ಒಡೆದು ಹಾರುವ ಕಣಗಳ ವೇಗ ತಗ್ಗಬೇಕು. ಅದಕ್ಕಾಗಿ ಭಾರಜಲ ಬೇಕು.

ಹುಟ್ಟಿದ ಶಾಖದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಉಳಿದ ಎರಡು ಪಾಲನ್ನು ಹೊರಗೆ ಬಿಡಲೇಬೇಕು. ಹಳೆಯ ನಾಲ್ಕು ಘಟಕಗಳು ಕದ್ರಾ ಜಲಾಶಯದ ನೀರಿನಿಂದ ತಂಪಾಗುತ್ತವೆ. ಬಿಸಿಯಾದ ನೀರು ಮರಳಿ ಅಲ್ಲಿಗೇ ಸೇರುತ್ತದೆ. ಹೊಸ ಘಟಕಗಳಿಗೆ ತಂಪುಗೋಪುರಗಳ ಯೋಜನೆಯಿದೆ. ಗೋಪುರವಿದ್ದರೆ ನದಿಗೆ ಸೇರುವ ಬಿಸಿ ಕಡಿಮೆಯಾಗುತ್ತದೆ, ಆದರೆ ಆವಿಯಾಗಿ ಹೋಗುವ ನೀರು ಹೆಚ್ಚುತ್ತದೆ. ಕಾಳಿಯ ನೀರನ್ನು ನಂಬಿದವರು ಈ ಲೆಕ್ಕವನ್ನು ಕೇಳಿ ತಿಳಿಯುವುದು ಅಗತ್ಯ.

ಬೇಕು ಎನ್ನುವವರ ವಾದ

ಮೊದಲನೆಯದಾಗಿ, ಅಣುಸ್ಥಾವರ ಹಗಲು ರಾತ್ರಿ, ಮಳೆ ಬಿಸಿಲು ಎನ್ನದೆ ಓಡುತ್ತದೆ. ಕೈಗಾದ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆಯಿತು. ಆಗ ಅದು ವಿಶ್ವದಾಖಲೆ. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಸ್ಥಾವರ ಅದನ್ನು ಮೀರಿಸಿತು. ಶರಾವತಿಯ ನೀರನ್ನೇ ನಂಬಿದ್ದ ಕಾಲದಲ್ಲಿ ಮಳೆ ಕೈಕೊಟ್ಟ ವರ್ಷ ವಿದ್ಯುತ್ತಿಗೆ ಎಷ್ಟು ಪರದಾಡಿದೆವೆಂಬುದನ್ನು ಹಿರಿಯ ಸದಸ್ಯರು ಬಲ್ಲರು. ಕಾಫಿಗೆ ಹೂಮಳೆ ತಪ್ಪಿದಾಗ ತುಂತುರು ನೀರು ಕೊಡಬೇಕಾದ ಫೆಬ್ರವರಿ, ಮಾರ್ಚಿನಲ್ಲೇ, ಅಡಿಕೆಗೆ ನೀರು ಹಾಯಿಸುವ ದಿನಗಳಲ್ಲೇ, ಜಲಾಶಯಗಳೂ ತಗ್ಗುತ್ತವೆ.

ಎರಡನೆಯದಾಗಿ, ಅಣುಸ್ಥಾವರದಿಂದ ಹೊಗೆಯೂ ಬೂದಿಯೂ ಇಲ್ಲ. ಕಲ್ಲಿದ್ದಲು ಸುಟ್ಟಷ್ಟೂ ವಾಯುಮಂಡಲ ಬಿಸಿಯಾಗುತ್ತದೆ, ಮಳೆಯ ಲೆಕ್ಕಾಚಾರ ತಪ್ಪುತ್ತದೆ. ಹೂಮಳೆ ಹಿಂದುಮುಂದಾಗುವುದು, ಕೊಯ್ಲಿನ ಕಾಲಕ್ಕೆ ಮಳೆ ಸುರಿಯುವುದು, ಕೊಳೆರೋಗ ಹಬ್ಬುವುದು ಇವುಗಳ ಪೆಟ್ಟು ತಿನ್ನುವವರು ನಾವೇ.

ಮೂರನೆಯದಾಗಿ, ಜಾಗದ ಉಳಿತಾಯ. ಒಂದು ಮೆಗಾವಾಟ್ ಅಣುಸ್ಥಾವರ ವರ್ಷಕ್ಕೆ ಸುಮಾರು 74 ಲಕ್ಷ ಯೂನಿಟ್ ಕೊಟ್ಟರೆ, ಒಂದು ಮೆಗಾವಾಟ್ ಸೌರಫಲಕ ಕೊಡುವುದು ಸುಮಾರು 17-18 ಲಕ್ಷ. ಅಂದರೆ ಅಣುವಿನ ಒಂದಕ್ಕೆ ಸೌರದ ನಾಲ್ಕು ಬೇಕು. ಸೌರದ ಪ್ರತಿ ಮೆಗಾವಾಟಿಗೆ 4ರಿಂದ 5 ಎಕರೆ ಹರವೂ ಬೇಕು.

ಬೇಡ ಎನ್ನುವವರ ವಾದ

ಖರ್ಚಿನ ಮಾತು ಮೊದಲು. ಹತ್ತು ಘಟಕಗಳಿಗೆ, ಅಂದರೆ 7,000 ಮೆಗಾವಾಟಿಗೆ, ಮಂಜೂರಾದದ್ದು 1,05,000 ಕೋಟಿ ರೂಪಾಯಿ. ಮೆಗಾವಾಟಿಗೆ 15 ಕೋಟಿಯಾಯಿತು. ಸೌರವಿದ್ಯುತ್ತಿಗೆ ಮೆಗಾವಾಟಿಗೆ ಸುಮಾರು 4 ಕೋಟಿ. ನಾಲ್ಕು ಮೆಗಾವಾಟ್ ಹಾಕಿದರೂ 16 ಕೋಟಿಗೆ ಮುಗಿಯಿತು. ಅದು ಒಂದೆರಡು ವರ್ಷದಲ್ಲಿ ಎದ್ದು ನಿಲ್ಲುತ್ತದೆ, ಕೈಗಾದ ಮೊದಲೆರಡು ಘಟಕಗಳು ಹತ್ತು ವರ್ಷಕ್ಕೂ ಹೆಚ್ಚು ತೆಗೆದುಕೊಂಡವು ಎಂದು ಅವರು ಹೇಳುತ್ತಾರೆ. ರಾತ್ರಿಗಾಗಿ ಶಕ್ತಿ ಕೂಡಿಡುವ ಖರ್ಚು ಈ ಲೆಕ್ಕದಲ್ಲಿ ಸೇರಿಲ್ಲವೆಂಬುದನ್ನೂ ನಾವು ಮರೆಯಬಾರದು. ಆ ಶೇಖರಣೆಗಾಗಿ ಬಂದ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೂ ಕಾಡಿನ ಕಾರಣದಿಂದ ವಿರೋಧವಿದೆ. ಯಾವ ದಾರಿಯೂ ಪುಕ್ಕಟೆಯಲ್ಲ.

ಎರಡನೆಯದು ತ್ಯಾಜ್ಯ. ಬಳಸಿದ ಇಂಧನದಲ್ಲಿರುವ ಪ್ಲುಟೋನಿಯಂನ ತೀಕ್ಷ್ಣತೆ ಅರ್ಧಕ್ಕಿಳಿಯಲು ಸುಮಾರು 24,000 ವರ್ಷ ಬೇಕು. ನಮ್ಮ ದೇಶದಲ್ಲಿ ಬಳಸಿದ ಇಂಧನವನ್ನು ಸಂಸ್ಕರಿಸಿ ಉಪಯುಕ್ತ ಭಾಗವನ್ನು ಬೇರ್ಪಡಿಸುತ್ತಾರೆ. ಆದರೂ ಉಳಿದುದನ್ನು ಶಾಶ್ವತವಾಗಿ ಹೂಳುವ ಜಾಗ ಇನ್ನೂ ಸಿದ್ಧವಾಗಿಲ್ಲ. 2012ರಲ್ಲಿ ಕೋಲಾರದ ಚಿನ್ನದ ಗಣಿಯ ಹೆಸರು ಕೇಳಿಬಂದಾಗ ಅಲ್ಲಿನ ಜನ ಬೀದಿಗಿಳಿದರು.

ಮೂರನೆಯದು ಅವಘಡ. 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇರುವ ಭಾರಜಲ ಬೆರೆತು ಹತ್ತಾರು ನೌಕರರ ದೇಹ ಸೇರಿತು. ಅದು ಒಳಗಿನವರೇ ಯಾರೋ ಬೇಕೆಂದು ಮಾಡಿದ್ದೆಂದು ಅಧಿಕಾರಿಗಳು ಹೇಳಿದರು. ಯಂತ್ರ ಎಷ್ಟೇ ಭದ್ರವಾದರೂ ಅದರ ಸುತ್ತ ಮನುಷ್ಯರಿರುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

ಬೆಳೆಗೆ ಏನಾಗಬಹುದು?

1986ರ ಏಪ್ರಿಲಿನ ಚೆರ್ನೋಬಿಲ್ ದುರಂತದ ವಿಕಿರಣ ದೂಳು ಗಾಳಿಯಲ್ಲಿ ತೇಲಿ ತುರ್ಕಿಯ ಕಪ್ಪುಸಮುದ್ರದ ತೀರದ ಚಹಾ ತೋಟಗಳ ಮೇಲೆ ಬಿತ್ತು. ಆ ವರ್ಷದ ಚಹಾದಲ್ಲಿ ದೊಡ್ಡ ಪಾಲನ್ನು ನಾಶಮಾಡಬೇಕಾಯಿತು. 2011ರ ಮಾರ್ಚಿನ ಫುಕುಶಿಮಾ ಅವಘಡದ ನಂತರ ಅಲ್ಲಿಂದ ಸುಮಾರು 300 ಕಿಲೋಮೀಟರ್ ದೂರದ ತೋಟಗಳ ಚಹಾ ಎಲೆಯಲ್ಲೂ ಸರ್ಕಾರದ ಮಿತಿ ಮೀರಿದ ಸೀಸಿಯಂ ಕಂಡು ಸಾಗಣೆ ನಿಂತಿತು. ಕೈಗಾದಿಂದ ಕಾಗೆ ಹಾರುವ ದೂರದಲ್ಲಿ ಯಲ್ಲಾಪುರ ಸುಮಾರು 30 ಕಿಲೋಮೀಟರ್, ಶಿರಸಿ ಸುಮಾರು 50, ಚಿಕ್ಕಮಗಳೂರು ಸುಮಾರು 220.

ಇದನ್ನು ಹೆದರಿಸಲು ಹೇಳುತ್ತಿಲ್ಲ. ಚೆರ್ನೋಬಿಲ್ಲಿನ ಸ್ಥಾವರಕ್ಕೆ ಕೈಗಾದಂಥ ಗಟ್ಟಿ ಗುಮ್ಮಟವಿರಲಿಲ್ಲ. ಫುಕುಶಿಮಾವನ್ನು ಕೆಡಿಸಿದ್ದು ಸಮುದ್ರದ ದೈತ್ಯ ಅಲೆ, ಕೈಗಾ ಇರುವುದು ಒಳನಾಡಿನಲ್ಲಿ. ಅಂಥ ಅವಘಡದ ಸಂಭವ ಬಹಳ ಕಡಿಮೆ ಎಂಬುದು ನಿಜ. ಆದರೆ ತರಕಾರಿಯವನು ಒಂದು ಬೆಳೆ ಕಳೆದುಕೊಂಡರೆ ಮುಂದಿನ ಹಂಗಾಮಿಗೆ ಬೇರೆ ಬಿತ್ತಬಹುದು. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ. ಸೀಸಿಯಂನ ಶಕ್ತಿ ಅರ್ಧಕ್ಕಿಳಿಯಲು 30 ವರ್ಷ. ಕಾಫಿಯಂಥ ರಫ್ತಿನ ಮಾಲಿಗೆ ಒಮ್ಮೆ ಅಪನಂಬಿಕೆ ಅಂಟಿದರೆ ಪರೀಕ್ಷೆಯಲ್ಲಿ ಪಾಸಾದ ಮೂಟೆಯನ್ನೂ ಕೊಳ್ಳುವವರು ಹಿಂದೆಮುಂದೆ ನೋಡುತ್ತಾರೆ.

ಪರಿಹಾರದ ಮಾತೂ ಇಲ್ಲಿಯೇ ಬರುತ್ತದೆ. 2010ರ ಹೊಣೆಗಾರಿಕೆ ಕಾಯಿದೆ ಸ್ಥಾವರ ನಡೆಸುವವರ ಹೊಣೆಗೆ 1,500 ಕೋಟಿ ರೂಪಾಯಿಯ ಮಿತಿ ಹಾಕಿತ್ತು. ಫುಕುಶಿಮಾದಲ್ಲಿ ಕೊಟ್ಟ ಪರಿಹಾರ 10 ಲಕ್ಷ ಕೋಟಿ ಯೆನ್ ದಾಟಿದೆ. ನಮ್ಮ ರೂಪಾಯಿಯಲ್ಲಿ ಐದು ಲಕ್ಷ ಕೋಟಿಗೂ ಹೆಚ್ಚು. 2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯಿದೆಗಳ ಬದಲಿಗೆ ಹೊಸ ಕಾಯಿದೆ ತಂದು ಖಾಸಗಿಯವರಿಗೂ ಬಾಗಿಲು ತೆರೆದಿದೆ. ಹೊಣೆಯ ಮೊತ್ತಕ್ಕೆ ಮಿತಿ ಅದರಲ್ಲೂ ಇದೆ.

ತಂತಿ ಹಾಯುವ ದಾರಿ

ಅವಘಡ ಆಗಬಹುದು, ಆಗದಿರಬಹುದು. ಆದರೆ ವಿದ್ಯುತ್ ಹೊರಗೆ ಹೋಗಬೇಕಾದರೆ ತಂತಿ ಹಾಯಲೇಬೇಕು, ಅದು ಕಾಡನ್ನೂ ತೋಟವನ್ನೂ ದಾಟಿಯೇ ಹೋಗಬೇಕು. ನಮ್ಮ ಸಣ್ಣ ಹಿಡುವಳಿಗೆ ಮೊದಲು ಬೀಳುವ ಪೆಟ್ಟು ಇದೇ.

400 ಕಿಲೋವೋಲ್ಟಿನ ತಂತಿಗೆ ಸುಮಾರು 46 ಮೀಟರ್ ಅಗಲದ ಪಟ್ಟಿ ಬೇಕು. ಅದು ನಿಮ್ಮ ತೋಟದಲ್ಲಿ 100 ಮೀಟರ್ ಉದ್ದ ಹಾದರೆ ಸುಮಾರು 1 ಎಕರೆ 5 ಗುಂಟೆ ಜಾಗ ಅದರಡಿ ಬರುತ್ತದೆ. ಎಕರೆಗೆ 550 ಮರದಂತೆ 600ಕ್ಕೂ ಹೆಚ್ಚು ಅಡಿಕೆ ಮರಗಳಾದವು. ಎರಡು ಎಕರೆಯ ಸದಸ್ಯನಿಗೆ ಇದು ಅರ್ಧಕ್ಕಿಂತ ಹೆಚ್ಚು ತೋಟ. ಕಾಫಿ ಗಿಡ ಗಿಡ್ಡದಾದ್ದರಿಂದ ಉಳಿಯಬಹುದು, ಆದರೆ ನೆರಳಿನ ಮರ ಉಳಿಯದು. ಮರ ಹೋದರೆ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಹೋಯಿತು.

ತಂತಿಗಾಗಿ ಜಮೀನನ್ನು ಸರ್ಕಾರ ವಶಪಡಿಸಿಕೊಳ್ಳುವುದಿಲ್ಲ. ಪಹಣಿಯಲ್ಲಿ ನಿಮ್ಮ ಹೆಸರೇ ಇರುತ್ತದೆ, ಎತ್ತರದ ಮರ ಬೆಳೆಸುವ ಹಕ್ಕು ಮಾತ್ರ ಇರುವುದಿಲ್ಲ. ಬಹುಕಾಲ 1885ರ ತಂತಿ ಕಾಯಿದೆಯ ಅಧಿಕಾರದಲ್ಲಿ ಮರ ಮತ್ತು ಬೆಳೆಗೆ ಮಾತ್ರ ಪರಿಹಾರ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಕೇಂದ್ರ ವಿದ್ಯುತ್ ಸಚಿವಾಲಯ 2015ರಲ್ಲಿ ಜಮೀನಿನ ಬೆಲೆಯ ಮೇಲೂ ಪರಿಹಾರ ಕೊಡುವಂತೆ ಸೂಚಿಸಿತು. 2024ರ ಜೂನಿನ ಸೂಚನೆಯಲ್ಲಿ ಗೋಪುರ ನಿಲ್ಲುವ ಜಾಗಕ್ಕೆ ಜಮೀನಿನ ಬೆಲೆಯ ಎರಡರಷ್ಟು, ತಂತಿಯ ಕೆಳಗಿನ ಪಟ್ಟಿಗೆ ಗ್ರಾಮೀಣ ಪ್ರದೇಶದಲ್ಲಿ ಬೆಲೆಯ ನೂರಕ್ಕೆ 30ರಷ್ಟು ಎಂದು ಹೇಳಿದೆ. ಇವು ಮಾರ್ಗದರ್ಶಿ ಸೂಚನೆಗಳು. ಕೇಳದೆ ಮನೆ ಬಾಗಿಲಿಗೆ ಬರುವುದಿಲ್ಲ.

ನಾವು ಕೇಳಬೇಕಾದುದು

ದೇಶಕ್ಕೆ ಅಣುವಿದ್ಯುತ್ ಬೇಕೋ ಬೇಡವೋ ಎಂಬುದನ್ನು ಸದಸ್ಯರು ತಮ್ಮ ತಮ್ಮ ವಿವೇಚನೆಯಂತೆ ನಿರ್ಧರಿಸಲಿ. ಜರ್ಮನಿ 2023ರ ಏಪ್ರಿಲಿನಲ್ಲಿ ತನ್ನ ಕೊನೆಯ ಅಣುಸ್ಥಾವರಗಳನ್ನು ಮುಚ್ಚಿತು; ಪಕ್ಕದ ಫ್ರಾನ್ಸ್ ತನ್ನ ವಿದ್ಯುತ್ತಿನ ಸುಮಾರು ಮೂರರಲ್ಲಿ ಎರಡು ಪಾಲನ್ನು ಅಣುವಿನಿಂದಲೇ ಪಡೆಯುತ್ತಿದೆ. ತಿಳಿದವರಲ್ಲೇ ಒಮ್ಮತವಿಲ್ಲ. ಆದರೆ ಕೆಳಗಿನ ಬೇಡಿಕೆಗಳಲ್ಲಿ ಪರ ವಿರೋಧವೆನ್ನದೆ ನಾವೆಲ್ಲರೂ ಒಂದಾಗಬಹುದೆಂದು ನಮ್ಮ ನಂಬಿಕೆ.

1. ಹೊಸ ತಂತಿಯ ದಾರಿಯನ್ನು ಅಳತೆಗೆ ಮೊದಲೇ ಗ್ರಾಮಸಭೆಯಲ್ಲಿ ನಕ್ಷೆ ಸಮೇತ ತೋರಿಸಬೇಕು. ಈಗಾಗಲೇ ತಂತಿ ಹಾದಿರುವ ಪಟ್ಟಿಯನ್ನೇ ಆದಷ್ಟೂ ಬಳಸಬೇಕು.

2. 2024ರ ಸೂಚನೆಯಂತೆ ಪರಿಹಾರ ಸಿಗಬೇಕು. ಅಡಿಕೆ ಮರ, ನೆರಳಿನ ಮರ, ಮೆಣಸಿನ ಬಳ್ಳಿ ಇವುಗಳ ಬೆಲೆಯನ್ನು ಉಳಿದ ಆಯುಷ್ಯದ ಫಸಲಿನ ಮೇಲೆ ಕಟ್ಟಬೇಕು.

3. ಕೈಗಾದ ಸುತ್ತ ಹಾಲು, ಮೀನು, ತರಕಾರಿಯ ವಿಕಿರಣ ಪರೀಕ್ಷೆ ನಡೆಯುತ್ತದೆ. ಅಡಿಕೆ, ಕಾಫಿ, ಮೆಣಸನ್ನೂ ಪರೀಕ್ಷಿಸಿ ಫಲಿತಾಂಶವನ್ನು ವರ್ಷವರ್ಷವೂ ಕನ್ನಡದಲ್ಲಿ ಪ್ರಕಟಿಸಬೇಕು. ನಮ್ಮ ಮಾಲು ಶುದ್ಧವೆಂದು ತೋರಿಸಲು ಇಂದಿನ ದಾಖಲೆಯೇ ನಾಳೆ ಆಧಾರ.

4. ತುರ್ತು ಸಿದ್ಧತೆಯ ಯೋಜನೆ ಸ್ಥಾವರದಿಂದ 16 ಕಿಲೋಮೀಟರ್ ವ್ಯಾಪ್ತಿಗೆ ಇದೆ. ಅದರಾಚೆಯ ತೋಟಗಳ ಬೆಳೆಗೆ ಏನು ವ್ಯವಸ್ಥೆ ಎಂಬುದನ್ನೂ ಬರಹದಲ್ಲಿ ತಿಳಿಸಬೇಕು.

ಇದರ ಜೊತೆಗೆ ನಮ್ಮ ಕೈಯಲ್ಲೇ ಇರುವ ಕೆಲಸವೂ ಒಂದಿದೆ. ಪಹಣಿಯ ಬೆಳೆ ಕಲಮಿನಲ್ಲಿ ಅಡಿಕೆ, ಕಾಫಿ, ಮೆಣಸು ಸರಿಯಾಗಿ ನಮೂದಾಗಿದೆಯೇ ಎಂದು ನೋಡಿಕೊಳ್ಳಿ. ಮರಗಳ ಎಣಿಕೆ ಬರೆದು, ಫೋಟೋ ತೆಗೆದು, ಮೂರು ವರ್ಷದ ಮಾರಾಟದ ರಸೀದಿಗಳ ಜೊತೆ ಕಟ್ಟಿಡಿ. ಅಳತೆಯವರು ತೋಟಕ್ಕೆ ಬಂದ ದಿನ ಹುಡುಕಲು ಹೊರಟರೆ ತಡವಾಗುತ್ತದೆ. ಸರ್ವೆ ನೋಟೀಸು ಬಂದರೆ ಒಬ್ಬರೇ ಸಹಿ ಹಾಕದೆ, ನೆರೆಯವರೊಂದಿಗೆ ಕೂಡಿ ನಕ್ಷೆ ಓದಿ, ಸಂಘದ ಕಚೇರಿಗೂ ತಿಳಿಸಿ ಎಂದು ಸದಸ್ಯರಲ್ಲಿ ನಮ್ಮ ವಿನಂತಿ.