ಅನ್ನಕ್ಕಿಲ್ಲದ ಕೆಮ್ಮು ನೀರಿಗೇಕೆ?

ಪ್ರಶ್ನೆ: ಪಾರ್ಶ್ವವಾಯು ಆದ ಮೇಲೆ ನಮ್ಮ ತಂದೆ ಮೆತ್ತಗಿನ ಅನ್ನ ನುಂಗುತ್ತಾರೆ, ನೀರು ಕುಡಿದರೆ ಮಾತ್ರ ಕೆಮ್ಮುತ್ತಾರೆ. ಯಾಕೆ?

ಉತ್ತರ: ನುಂಗುವಾಗ ಧ್ವನಿಪೆಟ್ಟಿಗೆ ಮೇಲೇರಿ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಕುತ್ತಿಗೆಯ ಮುಂಭಾಗಕ್ಕೆ ಬೆರಳಿಟ್ಟು ಎಂಜಲು ನುಂಗಿದರೆ ಧ್ವನಿಪೆಟ್ಟಿಗೆ ಏರಿಳಿಯುವುದು ಗೊತ್ತಾಗುತ್ತದೆ. ಪಾರ್ಶ್ವವಾಯುವಿನಿಂದ ಈ ಕೆಲಸ ತಡವಾಗಬಹುದು. ಅನ್ನದ ತುತ್ತು ನಿಧಾನವಾಗಿ ಜಾರುತ್ತದೆ. ನೀರು ಸರ್ರನೆ ಹರಿದು, ಶ್ವಾಸನಾಳದ ಬಾಯಿ ಮುಚ್ಚುವ ಮೊದಲೇ ಒಳಗಿಳಿದು ಕೆಮ್ಮು ಬರಿಸುತ್ತದೆ.

ಕೆಮ್ಮು ಬಂದರೆ ಕನಿಷ್ಠ ಸುಳಿವಾದರೂ ಸಿಗುತ್ತದೆ. ನೀರು ಒಳಗಿಳಿದರೂ ಕೆಲವರಿಗೆ ಕೆಮ್ಮೇ ಬರುವುದಿಲ್ಲ, ನನಗೆ ಹೆಚ್ಚು ಭಯ ಅವರ ಬಗ್ಗೆಯೇ. ಕುಡಿದ ಬಳಿಕ ದನಿ ಗೊರಗೊರ ಎನ್ನುವುದು, ಕೆನ್ನೆಯೊಳಗೆ ಅನ್ನ ಉಳಿಯುವುದು, ಮತ್ತೆ ಮತ್ತೆ ಜ್ವರ ಬರುವುದು, ಇವನ್ನು ಗಮನಿಸಿ. ಶ್ವಾಸನಾಳಕ್ಕೆ ಹೀಗೆ ಇಳಿದದ್ದು ನ್ಯುಮೋನಿಯಾಕ್ಕೆ ದಾರಿಯಾಗಬಹುದು.

ಮಲಗಿಸಿ ಬಾಯಿಗೆ ನೀರು ಹಾಕಲೇಬೇಡಿ. ನೆಟ್ಟಗೆ ಕೂರಿಸಿ, ಪೂರ್ತಿ ಎಚ್ಚರವಿದ್ದಾಗ ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕೊಡಿ. ಊಟದ ನಂತರ ಬಾಯಿ ಶುಚಿಮಾಡಿ ಅರ್ಧ ಗಂಟೆ ಕೂರಿಸಿಯೇ ಇರಿ. ಕೆಮ್ಮು ಮುಂದುವರಿದರೆ ಬಾಯಿಗೆ ಕೊಡುವುದನ್ನು ನಿಲ್ಲಿಸಿ ತಕ್ಷಣ ವೈದ್ಯರನ್ನು ಕೇಳಿ. ನೀರನ್ನು ಗಂಜಿಯಷ್ಟು ಮಂದಮಾಡಬೇಕೇ, ಗದ್ದ ತಗ್ಗಿಸಿ ನುಂಗಬೇಕೇ ಎಂಬುದನ್ನು ವಾಕ್‌ಚಿಕಿತ್ಸಕರು ಪರೀಕ್ಷಿಸಿ ಹೇಳಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗೂ ಚಿಕಿತ್ಸೆ ಇದೆ.