ಮದ್ದಿಲ್ಲದ ರೋಗಕ್ಕೆ ಸೋಸುಬಟ್ಟೆ

1986ರಲ್ಲಿ ಆಫ್ರಿಕ ಮತ್ತು ಏಷ್ಯಾದ ಇಪ್ಪತ್ತರಷ್ಟು ದೇಶಗಳಲ್ಲಿ ಅಂದಾಜು 35 ಲಕ್ಷ ಜನ ನಾರು ಹುಣ್ಣಿನಿಂದ ನರಳುತ್ತಿದ್ದರು. 2024ರಲ್ಲಿ ಇಡೀ ಜಗತ್ತಿನಲ್ಲಿ ಈ ರೋಗ ಕಾಣಿಸಿಕೊಂಡದ್ದು 15 ಮಂದಿಯಲ್ಲಿ. ನಡುವಿನ ನಾಲ್ಕು ದಶಕಗಳಲ್ಲಿ ಇದಕ್ಕೆ ಲಸಿಕೆ ಬಂದಿಲ್ಲ, ಗುಣಪಡಿಸುವ ಮಾತ್ರೆಯೂ ಸಿಕ್ಕಿಲ್ಲ. ಒಮ್ಮೆ ಬಂದುಹೋದರೆ ಮತ್ತೆ ಬಾರದಂತೆ ತಡೆಯುವ ಶಕ್ತಿಯೂ ಮೈಗೆ ಬರುವುದಿಲ್ಲ. ಅದೇ ಮನುಷ್ಯನಿಗೆ ವರ್ಷವರ್ಷವೂ ತಗುಲಬಹುದು. 1980ರಲ್ಲಿ ಸಿಡುಬು ಜಗತ್ತಿನಿಂದ ತೊಲಗಿತೆಂದು ಸಾರಿದಾಗ ಅದರ ಹಿಂದೆ ಒಂದು ಒಳ್ಳೆಯ ಲಸಿಕೆಯಿತ್ತು. ಇಲ್ಲಿ ಇದ್ದದ್ದು ಒಂದು ತುಂಡು ಸೋಸುಬಟ್ಟೆ, ಅದನ್ನು ಮನೆಮನೆಗೆ ಕೊಟ್ಟು ಮತ್ತೆ ಮತ್ತೆ ಬಂದು ವಿಚಾರಿಸುವ ಆಯಾ ಊರಿನದೇ ಜನ. ಬಡದೇಶಗಳ ಆರೋಗ್ಯದ ಮಾತೆತ್ತಿದರೆ ನಾವು ಕೂಡಲೇ ಆಸ್ಪತ್ರೆಗಳೆಷ್ಟು, ವೈದ್ಯರೆಷ್ಟು, ಔಷಧ ಎಷ್ಟು ಕಡಿಮೆ ಎಂದು ಲೆಕ್ಕ ಹಾಕುತ್ತೇವೆ. ಆ ಕೊರತೆ ನಿಜವೇ. ಆದರೆ ನಾರು ಹುಣ್ಣು ಹೇಗೆ ಹಿಮ್ಮೆಟ್ಟಿತು ಎಂಬುದನ್ನು ನೋಡಿದರೆ, ಹೆಚ್ಚಿನ ಕೆಲಸ ಮಾಡಿದ್ದು ಒಬ್ಬೊಬ್ಬ ರೋಗಿಯನ್ನೂ ಹುಡುಕಿ, ಎಣಿಸಿ, ಬೆನ್ನು ಬಿಡದೆ ನೋಡಿಕೊಂಡ ಶಿಸ್ತು ಎಂದು ತಿಳಿಯುತ್ತದೆ. ಸಾಧನ ಅಗ್ಗದ್ದಾಗಿತ್ತು, ಶಿಸ್ತು ಅಗ್ಗದ್ದಾಗಿರಲಿಲ್ಲ. ಈ ವ್ಯತ್ಯಾಸ ಮರೆತವರು ಈ ಗೆಲುವಿನಿಂದ ತಪ್ಪು ಪಾಠ ಕಲಿಯುತ್ತಾರೆ ಎಂಬುದು ನನ್ನ ವಾದ.

ಮೊದಲು ಹುಳುವಿನ ಬದುಕನ್ನು ತಿಳಿಯಬೇಕು. ಶಾಸ್ತ್ರೀಯ ಹೆಸರು ಡ್ರಾಕುಂಕ್ಯುಲಸ್ ಮೆಡಿನೆನ್ಸಿಸ್. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ, ಬರಿಗಣ್ಣಿಗೆ ಚುಕ್ಕಿಯಷ್ಟು ಮಾತ್ರ ಕಾಣುವ ಜೀವಿಗಳಿರುತ್ತವೆ. ಹುಳುವಿನ ಮರಿಗಳನ್ನು ಅವು ತಿನ್ನುತ್ತವೆ. ಎರಡು ವಾರಗಳಲ್ಲಿ ಮರಿಗಳು ಅವುಗಳ ಒಡಲಲ್ಲೇ ಬಲಿತು ಮನುಷ್ಯನಿಗೆ ಸೋಂಕು ತಗುಲಿಸುವ ಹಂತಕ್ಕೆ ಬರುತ್ತವೆ. ಆ ನೀರನ್ನು ಸೋಸದೆ ಕುಡಿದವರ ಹೊಟ್ಟೆಯಲ್ಲಿ ಸೈಕ್ಲಾಪ್ಸ್ ಜೀರ್ಣವಾಗುತ್ತದೆ, ಮರಿಗಳು ಮಾತ್ರ ಉಳಿದು ಕರುಳನ್ನು ಕೊರೆದು ಒಳಹೋಗುತ್ತವೆ. ಕೆಲವು ತಿಂಗಳಲ್ಲಿ ಗಂಡು ಹೆಣ್ಣು ಕೂಡುತ್ತವೆ, ಗಂಡು ಸಾಯುತ್ತದೆ. ಹೆಣ್ಣು ಚರ್ಮದ ಕೆಳಗಿನ ಅಂಗಾಂಶದಲ್ಲಿ ಸದ್ದಿಲ್ಲದೆ ಬೆಳೆಯುತ್ತ ಹೋಗಿ 60ರಿಂದ 100 ಸೆಂಟಿಮೀಟರ್ ಉದ್ದವಾಗುತ್ತದೆ. ಅಷ್ಟು ದಿನವೂ ರೋಗಿಗೆ ಏನೂ ಗೊತ್ತಾಗುವುದಿಲ್ಲ. ಸುಮಾರು ಒಂದು ವರ್ಷ ಕಳೆದ ಮೇಲೆ, ಹೆಚ್ಚಾಗಿ ಕಾಲಿನಲ್ಲಿ, ಒಂದು ಬೊಬ್ಬೆ ಏಳುತ್ತದೆ. ಉರಿ ತಡೆಯಲಾರದೆ ಕಾಲನ್ನು ನೀರಿಗಿಟ್ಟರೆ ಬೊಬ್ಬೆ ಒಡೆದು ಬಿಳಿ ನಾರಿನಂಥ ಹುಳು ತಲೆ ತೋರಿಸುತ್ತದೆ, ಲಕ್ಷಗಟ್ಟಲೆ ಮರಿಗಳನ್ನು ಅದೇ ನೀರಿಗೆ ಉಗುಳುತ್ತದೆ. ಚಕ್ರ ಮತ್ತೆ ಶುರು. ಹೊರಬಂದ ಹುಳುವನ್ನು ಎಳೆದರೆ ತುಂಡಾಗಿ ಒಳಗೆ ಕೀವು ತುಂಬುತ್ತದೆ, ಆದ್ದರಿಂದ ಕಡ್ಡಿಗೆ ಸುತ್ತಿಕೊಂಡು ದಿನಕ್ಕೆ ಒಂದೆರಡು ಅಂಗುಲದಂತೆ ವಾರಗಟ್ಟಲೆ ತೆಗೆಯಬೇಕು. ಸುಮಾರು 3,500 ವರ್ಷ ಹಿಂದಿನ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲಿ ಹೇಳಿರುವುದೂ ಇದನ್ನೇ ಎಂದು ವಿದ್ವಾಂಸರು ಭಾವಿಸುತ್ತಾರೆ. ಚಿಕಿತ್ಸೆಯ ಮಟ್ಟಿಗೆ ನಾವು ಅಂದಿನಿಂದ ಬಹಳ ಮುಂದೆ ಬಂದಿಲ್ಲ.

ಇಷ್ಟು ಕ್ರೂರವಾದ ಚಕ್ರದಲ್ಲಿ ಎರಡು ದುರ್ಬಲ ಕೊಂಡಿಗಳಿವೆ. ಸೈಕ್ಲಾಪ್ಸ್ ಸೂಕ್ಷ್ಮವಾದರೂ ಬ್ಯಾಕ್ಟೀರಿಯಾದಷ್ಟು ಸಣ್ಣದಲ್ಲ. ಒತ್ತಾದ ನೈಲಾನ್ ಬಟ್ಟೆ ಅದನ್ನು ತಡೆದು ನಿಲ್ಲಿಸುತ್ತದೆ. ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಹುಯ್ದರೆ ಸಾಕು. ಊರೂರು ಅಲೆಯುವ ದನಗಾಹಿಗಳಿಗೆ ಕೊರಳಿಗೆ ತೂಗುಹಾಕಿಕೊಳ್ಳುವ ಕೊಳವೆ ಬಂತು, ಅದರ ತುದಿಯಲ್ಲೂ ಅದೇ ಬಟ್ಟೆ. ಇನ್ನೊಂದು ಕೊಂಡಿ ರೋಗಿಯ ಕಾಲು. ಹುಳು ಹೊರಬರುವ ಹೊತ್ತಿಗೆ ಆತ ಕೆರೆಗೆ ಇಳಿಯದಂತೆ ನೋಡಿಕೊಂಡರೆ ಆ ಹುಳುವಿನ ಸಂತತಿ ಅಲ್ಲಿಗೆ ಮುಗಿಯಿತು. ಇದರ ಜೊತೆಗೆ, ಸೋಂಕು ಕಂಡ ಹೊಂಡಗಳಿಗೆ ಟೆಮೆಫಾಸ್ ಎಂಬ ರಾಸಾಯನಿಕವನ್ನು ಅತ್ಯಲ್ಪ ಪ್ರಮಾಣದಲ್ಲಿ ತಿಂಗಳಿಗೊಮ್ಮೆ ಹಾಕುತ್ತಾರೆ. ಕಾಗದದ ಮೇಲೆ ಯೋಜನೆ ಇಷ್ಟೇ, ಅರ್ಧ ಪುಟ ಸಾಕು. ಆದರೆ ಹುಳು ತಲೆ ತೋರಿಸಿದ 24 ಗಂಟೆಯೊಳಗೆ ಯಾರಿಗಾದರೂ ಸುದ್ದಿ ಮುಟ್ಟಿದರೆ ಮಾತ್ರ ಎರಡನೆಯ ಕೊಂಡಿ ಮುರಿಯುತ್ತದೆ. ರಸ್ತೆಯಿಲ್ಲದ, ಫೋನಿಲ್ಲದ, ಆಸ್ಪತ್ರೆ ದಿನಗಟ್ಟಲೆ ದೂರವಿರುವ ಊರಿನಲ್ಲಿ ಆ ಸುದ್ದಿ ಯಾರು ಮುಟ್ಟಿಸಬೇಕು? ಈ ಪ್ರಶ್ನೆಗೆ ಸಿಕ್ಕ ಉತ್ತರವೇ ಯೋಜನೆಯ ನಿಜವಾದ ತಂತ್ರಜ್ಞಾನ: ಪ್ರತಿ ಊರಿನಲ್ಲೂ ಅದೇ ಊರಿನ ಒಬ್ಬ ಕಾರ್ಯಕರ್ತ ಅಥವಾ ಕಾರ್ಯಕರ್ತೆ, ಅವರ ಮೇಲೊಬ್ಬ ಮೇಲ್ವಿಚಾರಕ, ಒಬ್ಬ ರೋಗಿಯೂ ಇಲ್ಲದಿದ್ದರೂ ತಪ್ಪದೆ ತಿಂಗಳಿಗೊಮ್ಮೆ ಮೇಲಕ್ಕೆ ಹೋಗುವ ವರದಿ. ‘ಈ ತಿಂಗಳು ಸೊನ್ನೆ’ ಎಂದು ಬರೆದು ಕಳಿಸುವುದೂ ಕೆಲಸವೇ. ಆ ಸೊನ್ನೆಯನ್ನು ನಂಬಬಹುದಾಗಿದ್ದರೆ ಮಾತ್ರ ರೋಗ ಹೋಗಿದೆ ಎನ್ನಬಹುದು.

ಎಣಿಕೆಗೆ ಎಂಥ ಬಲವಿದೆ ಎಂಬುದು ನೈಜೀರಿಯದಲ್ಲಿ ಕಂಡಿತು. 1988–89ರಲ್ಲಿ ಅಲ್ಲಿ ಹಳ್ಳಿಹಳ್ಳಿ ಸುತ್ತಿ ಹುಡುಕಿದಾಗ ಆರೂವರೆ ಲಕ್ಷಕ್ಕೂ ಹೆಚ್ಚು ರೋಗಿಗಳು ಸಿಕ್ಕರು. ಸರಕಾರದ ಕಡತಗಳಲ್ಲಿ ಅದರ ಚಿಕ್ಕ ಪಾಲೂ ಇರಲಿಲ್ಲ, ಏಕೆಂದರೆ ನಡೆಯಲಾಗದವರು ಆಸ್ಪತ್ರೆಗೆ ಬರುವುದಿಲ್ಲ, ಆಸ್ಪತ್ರೆಗೆ ಬಾರದವರು ಅಂಕಿಅಂಶಕ್ಕೂ ಬರುವುದಿಲ್ಲ. ಘಾನಾದಲ್ಲೂ ಹೀಗೆಯೇ ಹುಡುಕಿದಾಗ 1989ರ ಲೆಕ್ಕ 1 ಲಕ್ಷ 80 ಸಾವಿರದ ಹತ್ತಿರ ಹೋಯಿತು. ಸಂಖ್ಯೆ ಕಣ್ಣಿಗೆ ಹೊಡೆದ ಮೇಲೆ ರಾಜಕಾರಣ ಅಲುಗಿತು. ನೈಜೀರಿಯದ ಮಾಜಿ ಆಡಳಿತಗಾರ ಜನರಲ್ ಯಾಕುಬು ಗೊವಾನ್ ತಾವೇ ಹಳ್ಳಿಗಳಿಗೆ ಹೋದರು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಸಂಸ್ಥೆ 1986ರಿಂದಲೇ ಈ ಕೆಲಸದ ಮುಂಚೂಣಿಯಲ್ಲಿತ್ತು. 1995ರಲ್ಲಿ ಅವರು ಸುಡಾನಿನ ಅಂತರ್ಯುದ್ಧದ ಎರಡೂ ಕಡೆಯವರನ್ನು ಒಪ್ಪಿಸಿ, ಸೋಸುಬಟ್ಟೆ ಹಂಚಲು ತಿಂಗಳುಗಟ್ಟಲೆ ಕದನವಿರಾಮ ಮಾಡಿಸಿದರು. ಒಂದು ಹುಳುವಿಗಾಗಿ ಬಂದೂಕುಗಳು ಸುಮ್ಮನಾದದ್ದು ಇತಿಹಾಸದಲ್ಲಿ ವಿರಳ. ನೈಜೀರಿಯದಲ್ಲಿ ಕೊನೆಯ ರೋಗಿ ಕಂಡದ್ದು 2008ರಲ್ಲಿ, ಘಾನಾದಲ್ಲಿ 2010ರಲ್ಲಿ.

ಈ ರೋಗ ಕನ್ನಡಿಗರಿಗೆ ಪರದೇಶದ್ದಲ್ಲ. ಭಾರತ ಸರಕಾರ 1983–84ರಲ್ಲಿ ನಿರ್ಮೂಲನ ಕಾರ್ಯಕ್ರಮ ಶುರುಮಾಡಿದಾಗ ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಉತ್ತರ ಕರ್ನಾಟಕದ ಬರದ ನಾಡಿನಲ್ಲಿ ಮೆಟ್ಟಿಲಿಳಿದು, ಕಾಲು ನೀರಿನಲ್ಲಿಟ್ಟು ಕೊಡ ತುಂಬಿಕೊಳ್ಳುವ ಬಾವಿಗಳಿದ್ದವು. ಹುಳುವಿಗೆ ಬೇಕಾದದ್ದೂ ಅಂಥದೇ ಜಾಗ. 1984ರಲ್ಲಿ ದೇಶದಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಮೆಟ್ಟಿಲ ಬಾವಿಗಳನ್ನು ಹಗ್ಗದಿಂದ ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ಕೊಳವೆಬಾವಿ ತೋಡಿದರು, ಸೋಸುಬಟ್ಟೆ ಹಂಚಿದರು, ವರ್ಷವರ್ಷ ಮನೆಮನೆ ಹುಡುಕಾಟ ನಡೆಸಿದರು. ಕೊನೆಯ ರೋಗಿ ಸಿಕ್ಕದ್ದು 1996ರ ಜುಲೈಯಲ್ಲಿ, ರಾಜಸ್ಥಾನದಲ್ಲಿ. ಆಮೇಲೂ ಹುಡುಕಾಟ ನಿಲ್ಲಲಿಲ್ಲ, ರೋಗಿಯ ಸುದ್ದಿ ತಂದವರಿಗೆ ಬಹುಮಾನ ಸಾರಲಾಯಿತು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರು ಹುಣ್ಣು ಮುಕ್ತವೆಂದು ಘೋಷಿಸಿತು. ಇಂದಿನ ಎಳೆಯ ವೈದ್ಯರಲ್ಲಿ ಹೆಚ್ಚಿನವರು ಈ ರೋಗವನ್ನು ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿರುತ್ತಾರೆ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಬಟ್ಟೆಯ ತುಂಡೇಕೆ, ಎಲ್ಲರಿಗೂ ಶುದ್ಧ ನೀರು ಕೊಟ್ಟಿದ್ದರೆ ಈ ರೋಗದ ಜೊತೆ ಕಾಲರಾ, ಭೇದಿ ಎಲ್ಲವೂ ಹೋಗುತ್ತಿರಲಿಲ್ಲವೇ? ಇದಕ್ಕೆ ಇತಿಹಾಸದ ಬೆಂಬಲವೂ ಇದೆ. ಮಧ್ಯ ಏಷ್ಯಾದ ಬುಖಾರಾ ನಗರದಲ್ಲಿ ಸೋವಿಯತ್ ಆಡಳಿತ 1920ರ ದಶಕದಲ್ಲಿ ಹಳೆಯ ಕೊಳಗಳನ್ನು ಬತ್ತಿಸಿ, ನಲ್ಲಿ ನೀರು ತಂದು ನಾರು ಹುಣ್ಣನ್ನು ಅಳಿಸಿಹಾಕಿತು. ಸೋಸುಬಟ್ಟೆ ಬ್ಯಾಕ್ಟೀರಿಯಾವನ್ನು ತಡೆಯುವಂತೆ ಮಾಡಿದ್ದಲ್ಲ, ಅದನ್ನು ಕೊಟ್ಟು ಕೈತೊಳೆದುಕೊಂಡ ಸರಕಾರ ಬಡವರಿಗೆ ಅರ್ಧ ನ್ಯಾಯವನ್ನಷ್ಟೇ ಮಾಡಿದಂತೆ. ಇದನ್ನು ಒಪ್ಪುತ್ತೇನೆ. ಆದರೆ ಕೊಳವೆಬಾವಿ ಬರುವವರೆಗೆ ಆ ಊರಿನವರು ಕುಡಿಯುವುದೇನನ್ನು? ಬಂದ ಮೇಲೂ ಪಂಪು ಕೆಡುತ್ತದೆ, ಬಿಡಿಭಾಗ ಸಿಗುವುದಿಲ್ಲ, ಜನ ಹಳೆಯ ಹೊಂಡಕ್ಕೇ ಹೋಗುತ್ತಾರೆ. ಘಾನಾದ ಉತ್ತರದ ಸವೆಲುಗು ಪಟ್ಟಣದಲ್ಲಿ ನೀರು ಸರಬರಾಜು ಕೈಕೊಟ್ಟ ಬೆನ್ನಿಗೇ 2007ರಲ್ಲಿ ನಾರು ಹುಣ್ಣು ಮತ್ತೆ ಸ್ಫೋಟಗೊಂಡಿತು. ಕಟ್ಟಡ ಕಟ್ಟಿದ ಮಾತ್ರಕ್ಕೆ ಆರೋಗ್ಯ ಬರುವುದಿಲ್ಲ, ಕೆಟ್ಟಾಗ ಯಾರೋ ಗಮನಿಸಬೇಕು. ಆ ‘ಯಾರೋ’ ಮತ್ತೆ ಊರಿನ ಕಾರ್ಯಕರ್ತೆಯೇ. ಹಾಗಾಗಿ ನಲ್ಲಿ ಬೇಕೋ ನಿಗಾ ಬೇಕೋ ಎಂದು ಆರಿಸಿಕೊಳ್ಳುವ ಪ್ರಶ್ನೆಯೇ ಹುಟ್ಟುವುದಿಲ್ಲ. ನಿಗಾ ಇಲ್ಲದ ಕಡೆ ನಲ್ಲಿಯೂ ಬಹುಕಾಲ ಉಳಿಯದು.

ಸಾವು ತರದ ಒಂದು ರೋಗಕ್ಕೆ ಇಷ್ಟು ಹಣವೇಕೆ ಎಂದು ಕೇಳುವವರೂ ಇದ್ದಾರೆ. ಮಲೇರಿಯಾ, ಕ್ಷಯಗಳು ಕೊಲ್ಲುತ್ತಿರುವಾಗ ಹತ್ತು ಹದಿನೈದು ರೋಗಿಗಳ ಹಿಂದೆ ಓಡುವುದು ಅತಿಯಲ್ಲವೇ ಎಂಬುದು ಅವರ ತರ್ಕ. ನಾರು ಹುಣ್ಣು ಅಪರೂಪಕ್ಕೆ ಮಾತ್ರ ಕೊಲ್ಲುತ್ತದೆ ಎಂಬುದು ಸರಿ, ಆದರೆ ಅದು ಬರುವ ಹೊತ್ತು ಮೋಸದ್ದು. ಒಂದು ವರ್ಷದ ಲೆಕ್ಕದಲ್ಲಿ ಬೆಳೆಯುವ ಹುಳು ಅನೇಕ ಕಡೆ ಬಿತ್ತನೆಯ ಅಥವಾ ಕೊಯ್ಲಿನ ಕಾಲಕ್ಕೇ ಹೊರಬರುತ್ತದೆ, ಆಗ ಮನೆಯ ದುಡಿಯುವವರು ವಾರಗಟ್ಟಲೆ ಮಲಗುತ್ತಾರೆ, ಅವರ ಕೆಲಸಕ್ಕೆ ಮಕ್ಕಳು ಶಾಲೆ ಬಿಡುತ್ತಾರೆ. ಬಡತನದಿಂದ ಕೊಳಕು ನೀರು, ಕೊಳಕು ನೀರಿನಿಂದ ರೋಗ, ರೋಗದಿಂದ ಮತ್ತೆ ಬಡತನ. ಸಾವಿನ ಲೆಕ್ಕ ಮಾತ್ರ ಇಟ್ಟರೆ ಈ ನಷ್ಟ ಎಲ್ಲಿಯೂ ಕಾಣುವುದಿಲ್ಲ. ಮತ್ತೊಂದು ಮಾತು: ನಿರ್ಮೂಲನೆಯಲ್ಲಿ ಕೊನೆಯ ರೋಗಿಗೆ ತಗಲುವ ಖರ್ಚು ಮೊದಲ ಲಕ್ಷ ರೋಗಿಗಳಿಗಿಂತ ಹೆಚ್ಚು ಎನಿಸುವುದು ಸಹಜ. ಆದರೆ ಅಲ್ಲಿಯೇ ನಿಲ್ಲಿಸಿದರೆ ಹಿಂದಿನದೂ ನೀರುಪಾಲು, ಏಕೆಂದರೆ ಒಂದೇ ಹುಳು ಒಂದು ಹೊಂಡವನ್ನೂ, ಒಂದು ಹೊಂಡ ಒಂದು ಊರನ್ನೂ ಮತ್ತೆ ಕೆಡಿಸಬಲ್ಲದು.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪವನ್ನು ಎತ್ತಿದ್ದು ಮನುಷ್ಯರಲ್ಲ, ನಾಯಿಗಳು. ಆಫ್ರಿಕದ ಚಾಡ್ ದೇಶದಲ್ಲಿ ಹತ್ತು ವರ್ಷ ಒಂದೂ ರೋಗಿ ವರದಿಯಾಗದೆ, 2010ರಲ್ಲಿ ರೋಗ ಮತ್ತೆ ಕಾಣಿಸಿತು. 2012ರ ಹೊತ್ತಿಗೆ ನಾಯಿಗಳ ಕಾಲಿನಿಂದಲೂ ಅದೇ ಹುಳು ಹೊರಬರುತ್ತಿರುವುದು ಗೊತ್ತಾಯಿತು. ಮನುಷ್ಯನ ಹೊರತು ಈ ಹುಳುವಿಗೆ ಬೇರೆ ಮುಖ್ಯ ಆಸರೆಯಿಲ್ಲ ಎಂಬ ನಂಬಿಕೆಯ ಮೇಲೆ ಇಡೀ ಯೋಜನೆ ನಿಂತಿತ್ತು, ಆ ನಂಬಿಕೆ ಅಲುಗಾಡಿತು. 2019ರಲ್ಲಿ ಚಾಡ್‌ನಲ್ಲಿ ಸುಮಾರು ಎರಡು ಸಾವಿರ ನಾಯಿಗಳಲ್ಲಿ ಸೋಂಕಿತ್ತು. ನದಿಯ ದಡದಲ್ಲಿ ಮೀನು ಹಸನುಮಾಡಿ ಎಸೆದ ಕರುಳು, ಹಸಿ ಮೀನು ತಿಂದು ನಾಯಿಗಳಿಗೆ ತಗುಲುತ್ತಿದೆ ಎಂದು ವಿಜ್ಞಾನಿಗಳು ಶಂಕಿಸುತ್ತಾರೆ. ರೋಗವನ್ನು 1995ರೊಳಗೆ ಮುಗಿಸುತ್ತೇವೆ ಎಂದು ಮೊದಲು ಇಟ್ಟುಕೊಂಡಿದ್ದ ಗುರಿ ಹಲವು ಸಲ ಮುಂದೆ ಹೋಗಿ ಈಗ 2030ಕ್ಕೆ ಬಂದು ನಿಂತಿದೆ. ಅದೂ ತಪ್ಪಿದರೆ ನನಗೆ ಆಶ್ಚರ್ಯವಿಲ್ಲ. ಆದರೂ ಯೋಜನೆ ಕುಸಿಯಲಿಲ್ಲ. ಮೀನಿನ ಕರುಳನ್ನು ಹೂಳುವಂತೆ, ನಾಯಿಗಳನ್ನು ಕಟ್ಟಿಹಾಕುವಂತೆ ಅದೇ ಕಾರ್ಯಕರ್ತರು ಮನೆಮನೆಗೆ ಹೋಗಿ ಹೇಳಿದರು, ಸುದ್ದಿ ಕೊಟ್ಟವರಿಗೆ ನಗದು ಬಹುಮಾನ ಬಂತು. 2024ರ ಹೊತ್ತಿಗೆ ಚಾಡ್‌ನ ಸೋಂಕಿತ ಪ್ರಾಣಿಗಳ ಸಂಖ್ಯೆ 300ರೊಳಗೆ ಇಳಿದಿತ್ತು. ಊಹೆ ತಪ್ಪಾದಾಗಲೂ ನಿಗಾ ವ್ಯವಸ್ಥೆ ಇದ್ದದ್ದರಿಂದಲೇ ಅದು ತಪ್ಪೆಂದು ಬೇಗ ತಿಳಿಯಿತು. ಮಾತ್ರೆಯ ಮೇಲಷ್ಟೇ ನಿಂತ ಯೋಜನೆಗೆ ನಾಯಿಯ ಕಾಲು ನೋಡುವವರು ಎಲ್ಲಿಂದ ಬರಬೇಕಿತ್ತು?

ಹೀಗಿರುವಾಗ ಆ ಕಾರ್ಯಕರ್ತರ ದುಡಿಮೆಗೆ ಬೆಲೆ ಎಷ್ಟು ಎಂದು ಕೇಳಲೇಬೇಕು. ಆಫ್ರಿಕದ ಹಳ್ಳಿಗಳಲ್ಲಿ ಅವರಲ್ಲಿ ಬಹುಪಾಲು ಜನ ಸ್ವಯಂಸೇವಕರು, ಸಂಬಳವಿಲ್ಲ. ‘ಜನರ ಸಹಭಾಗಿತ್ವ’ ಎಂಬ ಚೆಂದದ ಹೆಸರಿನಡಿ ಅತಿ ಬಡವರ ಪುಕ್ಕಟೆ ದುಡಿಮೆಯನ್ನೇ ಯೋಜನೆಯ ತಳಪಾಯ ಮಾಡಿಕೊಳ್ಳುವುದು ಬಡದೇಶಗಳ ಆರೋಗ್ಯ ಇಲಾಖೆಗಳಿಗೆ ಅಭ್ಯಾಸವಾಗಿದೆ. ಔಷಧ ಖರೀದಿಗೆ ಟೆಂಡರು, ಲೆಕ್ಕಪತ್ರ, ಅನುದಾನ ಎಲ್ಲವೂ ಇರುತ್ತದೆ, ಮನೆಮನೆ ಸುತ್ತುವ ಕಾಲಿಗೆ ಮಾತ್ರ ಗೌರವಧನ. ನಮ್ಮಲ್ಲೂ ಬೇರೆಯಲ್ಲ. ಆಶಾ ಕಾರ್ಯಕರ್ತೆಯರ ವ್ಯವಸ್ಥೆ 2005ರಿಂದ ಇದೆ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಜಾಗತಿಕ ಮನ್ನಣೆಯ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು. ನಾರು ಹುಣ್ಣನ್ನು 35 ಲಕ್ಷದಿಂದ 15ಕ್ಕೆ ಇಳಿಸಿದ್ದು ಇಂಥವರ ಕೆಲಸ. ಅವರ ಸಂಬಳವನ್ನು ದಾನದ ಲೆಕ್ಕದಿಂದ ತೆಗೆದು, ಲಸಿಕೆ ಔಷಧಗಳ ಪಕ್ಕದಲ್ಲಿ, ಬಜೆಟ್ಟಿನ ಕಾಯಂ ಖರ್ಚಾಗಿ ಬರೆಯಬೇಕು.