ಚುಚ್ಚಿದ್ದು ಕಾಲಿಗೆ, ಸುದ್ದಿ ಹೋಗಿದ್ದು ಎಲ್ಲಿಗೆ?

ಮೊಣಕಾಲ ಚಿಪ್ಪಿನಿಂದ ನಾಲ್ಕು ಬೆರಳಿನಷ್ಟು ಕೆಳಗಿಳಿದು, ಕಾಲಿನ ಮುಂದುಗಡೆಯ ಮೂಳೆಯಿಂದ ಒಂದು ಬೆರಳು ಹೊರಕ್ಕೆ ಸರಿದು ಒತ್ತಿ ನೋಡಿ. ಚೀನಾದ ಅಕ್ಯುಪಂಕ್ಚರ್ ವೈದ್ಯರು ‘ಝೂ ಸಾನ್ ಲಿ’ ಎನ್ನುವ ಬಿಂದು ಇದು. ಹೊಟ್ಟೆನೋವು, ವಾಕರಿಕೆ, ಸುಸ್ತು ಎಂದು ಹೋದವರಿಗೆಲ್ಲ ಅವರು ಸೂಜಿ ಹಾಕುವುದು ಇಲ್ಲಿಗೆ. ಹೊಟ್ಟೆಗೆ ಸೇರಿದ ಜೀವಶಕ್ತಿ ಹರಿಯುವ ದಾರಿ ಈ ಬಿಂದುವಿನ ಮೂಲಕ ಹಾದುಹೋಗುತ್ತದೆ ಎಂಬುದು ಅವರ ಹಳೆಯ ಶಾಸ್ತ್ರ. ದೇಹವನ್ನು ಕೊಯ್ದು, ಸೂಕ್ಷ್ಮದರ್ಶಕ ಹಿಡಿದು ಹುಡುಕಿದವರಿಗೆ ಅಂಥ ದಾರಿ ಇಂದಿಗೂ ಸಿಕ್ಕಿಲ್ಲ. ಸಿಕ್ಕಿದ್ದು ಚರ್ಮ, ಅದರಡಿ ಸ್ನಾಯು, ಇನ್ನೂ ಆಳದಲ್ಲಿ ಒಂದು ನರ. ಹಾಗಿದ್ದರೆ ಸೂಜಿ ಮಾಡುವುದಾದರೂ ಏನು?

ಅಮೆರಿಕದಲ್ಲಿ ಈ ಪ್ರಶ್ನೆ ಜೋರಾಗಿ ಎದ್ದಿದ್ದು 1971ರಲ್ಲಿ. ‘ನ್ಯೂಯಾರ್ಕ್ ಟೈಮ್ಸ್’ನ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗಿಗೆ ಹೋಗಿದ್ದಾಗ ಅಪೆಂಡಿಕ್ಸ್ ಕೆರಳಿತು. ಸೂಜಿ ಚುಚ್ಚಿಯೇ ಆಪರೇಷನ್ ಮಾಡಿದರಂತೆ ಎಂಬ ಕಥೆ ಆಮೇಲೆ ಹಬ್ಬಿತು. ಅದು ಸುಳ್ಳು, ಆಪರೇಷನ್ ಆದದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್ ಕೊಟ್ಟೇ. ಆನಂತರ ಹೊಟ್ಟೆ ಬಿಗಿದುಕೊಂಡು ಒದ್ದಾಡುತ್ತಿದ್ದಾಗ ಮೊಣಕೈಗೂ ಮೊಣಕಾಲ ಕೆಳಗೂ ಸೂಜಿ ಹಾಕಿದರು, ಬಿಗಿತ ಇಳಿಯಿತು ಎಂದು ರೆಸ್ಟನ್ ಬರೆದರು.

ಈಗ ಸೂಜಿಯ ಜೊತೆ ಒಳಗೆ ಇಳಿಯೋಣ. ಕೂದಲಿಗಿಂತ ತುಸು ದಪ್ಪ, ಇಂಜೆಕ್ಷನ್ ಸೂಜಿಯಂತೆ ಟೊಳ್ಳಲ್ಲ. ಚುಚ್ಚಿದ ವೈದ್ಯರು ಅದನ್ನು ಬೆರಳಲ್ಲಿ ಮೆಲ್ಲಗೆ ತಿರುವುತ್ತಾರೆ. ಆಗ ತಕಲಿಗೆ ನೂಲು ಸುತ್ತಿಕೊಂಡಂತೆ ಚರ್ಮದಡಿಯ ಸಂಯೋಜಕ ಅಂಗಾಂಶದ ಎಳೆಗಳು ಸೂಜಿಗೆ ಸುತ್ತಿಕೊಳ್ಳುತ್ತವೆ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಹೆಲೆನ್ ಲಾಂಜೆವಿನ್ ಇದನ್ನು ತೋರಿಸಿಕೊಟ್ಟರು. ತಿರುವಿದ ಸೂಜಿಯನ್ನು ಹೊರಗೆಳೆಯಲು ಹೆಚ್ಚು ಬಲ ಬೇಕಾಗುವುದು ಈ ಕಾರಣಕ್ಕೇ. ಎಳೆತ ಸುತ್ತಲಿನ ಜೀವಕೋಶಗಳಿಗೂ ತಟ್ಟಿ, ಅವುಗಳ ಆಕಾರವೇ ಬದಲಾಗುತ್ತದೆ.

ಸೂಜಿಯಿಂದ ಘಾಸಿಗೊಂಡ ಕೋಶಗಳಿಂದ ಎಟಿಪಿ ಎಂಬ ರಾಸಾಯನಿಕ ಸೋರುತ್ತದೆ, ಅದು ಒಡೆದು ಅಡಿನೋಸಿನ್ ಆಗುತ್ತದೆ. ಕಾಫಿ ನಿದ್ದೆ ಓಡಿಸುವುದು ಇದೇ ಅಡಿನೋಸಿನ್‌ನ ಕೆಲಸಕ್ಕೆ ಅಡ್ಡಗಾಲು ಹಾಕಿ. ನೋವಿನ ನರಗಳ ಮೇಲೆ ಅಡಿನೋಸಿನ್ ಕೂತರೆ ಅವು ತಣ್ಣಗಾಗುತ್ತವೆ. 2010ರಲ್ಲಿ ಮೈಕೆನ್ ನೆಡರ್‌ಗಾರ್ಡ್ ಅವರ ತಂಡ ಇಲಿಗಳ ‘ಝೂ ಸಾನ್ ಲಿ’ಗೇ ಸೂಜಿ ಹಾಕಿ, ಅರ್ಧ ಗಂಟೆಯ ಕಾಲ ಆಗಾಗ ತಿರುವುತ್ತಾ ಅಳೆದಾಗ, ಅಲ್ಲಿ ಅಡಿನೋಸಿನ್ ಇಪ್ಪತ್ತು ಪಟ್ಟಿಗೂ ಮೀರಿ ಏರಿತ್ತು, ನೋವು ಇಳಿದಿತ್ತು. ಅಡಿನೋಸಿನ್ ಹಿಡಿದುಕೊಳ್ಳುವ ‘ಎ1’ ಗ್ರಾಹಕವೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಎಷ್ಟು ತಿರುವಿದರೂ ನೋವು ಇಳಿಯಲಿಲ್ಲ.

ಇದು ಚುಚ್ಚಿದ ಜಾಗದ ಕಥೆ. ಸುದ್ದಿ ಬೆನ್ನುಹುರಿ ಹತ್ತಿ ಮಿದುಳಿಗೂ ಹೋಗುತ್ತದೆ. 1970ರ ದಶಕದ ಆರಂಭದಲ್ಲಿ ಬೀಜಿಂಗಿನ ಹಾನ್ ಜಿಶೆಂಗ್ ಅವರ ತಂಡ, ಅಕ್ಯುಪಂಕ್ಚರ್ ಮಾಡಿದ ಮೊಲದ ಮಿದುಳುದ್ರವವನ್ನು ಸೂಜಿಯನ್ನೇ ಕಾಣದ ಇನ್ನೊಂದು ಮೊಲಕ್ಕೆ ಕೊಟ್ಟಿತು. ಅದರ ನೋವು ತಾಳುವ ಶಕ್ತಿಯೂ ಹೆಚ್ಚಿತು. ದ್ರವದಲ್ಲಿ ಏನೋ ಇದೆ, ಏನೆಂದು ಗೊತ್ತಿಲ್ಲ. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್‌ಲಿಟ್ಜ್ ಮಿದುಳು ತಾನೇ ತಯಾರಿಸಿಕೊಳ್ಳುವ ಅಫೀಮಿನಂಥ ಎಂಕೆಫಲಿನ್ ಕಂಡುಹಿಡಿದ ಮೇಲೆ ಉತ್ತರ ಹೊಳೆಯಿತು. ಅಫೀಮಿನ ಪರಿಣಾಮವನ್ನು ಅಳಿಸುವ ನಲೋಕ್ಸೋನ್ ಔಷಧ ಕೊಟ್ಟರೆ ಸೂಜಿಯ ಪರಿಣಾಮವೂ ಅಳಿಯುತ್ತಿತ್ತು. ಸೂಜಿಗೆ ಕರೆಂಟ್ ಹಾಯಿಸಿದಾಗ ಇನ್ನೂ ಒಂದು ಸಂಗತಿ ಕಂಡಿತು: ಸೆಕೆಂಡಿಗೆ 2 ಮಿಡಿತವಾದರೆ ಎಂಕೆಫಲಿನ್, 100 ಆದರೆ ಡೈನಾರ್ಫಿನ್ ಎಂಬ ಬೇರೆಯದೇ ರಾಸಾಯನಿಕ.

ಅಲ್ಲಿಗೆ ಕಗ್ಗಂಟು ಬಿಚ್ಚಿತೆ? ಇಲ್ಲ. 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಬಹುಕಾಲದ ಸೊಂಟನೋವಿನ 1162 ಮಂದಿಯನ್ನು ಮೂರು ಪಾಲು ಮಾಡಿದ್ದರು. ಶಾಸ್ತ್ರದ ಪ್ರಕಾರ ಸೂಜಿ ಹಾಕಿಸಿಕೊಂಡವರಲ್ಲಿ ಶೇ 47.6 ಮಂದಿಗೆ ಗುಣ ಕಂಡಿತು. ಬಿಂದುಗಳೇ ಅಲ್ಲದ ಕಡೆ ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ 44.2. ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ ಪಡೆದವರಲ್ಲಿ ಶೇ 27.4. ಅಂದರೆ ಸೂಜಿ ಮಾತ್ರೆಯನ್ನು ಮೀರಿಸಿತು, ಆದರೆ ಎಲ್ಲಿ ಚುಚ್ಚಿದರೂ ಹೆಚ್ಚುಕಡಿಮೆ ಒಂದೇ! ನಂಬಿಕೆಯ ಪಾಲು ಇಲ್ಲಿ ಸಣ್ಣದಲ್ಲ. ಗುಣವಾಗುತ್ತದೆ ಎಂಬ ನಿರೀಕ್ಷೆಯೇ ಮಿದುಳಿನ ಅಫೀಮನ್ನು ಹೊರಡಿಸಬಲ್ಲದು. ಹುಸಿ ಮದ್ದಿನಿಂದ ಇಳಿದ ಹಲ್ಲುನೋವು ನಲೋಕ್ಸೋನ್ ಕೊಟ್ಟಾಗ ಮರಳಿದ್ದನ್ನು 1978ರಲ್ಲೇ ಕಂಡಿದ್ದರು. ಹೀಗಾಗಿ ಮನುಷ್ಯರಲ್ಲಿ ನಲೋಕ್ಸೋನ್ ಪರೀಕ್ಷೆ ಸೂಜಿಯನ್ನೂ ನಂಬಿಕೆಯನ್ನೂ ಬೇರ್ಪಡಿಸಲಾರದು.

ಇಲಿ, ಮೊಲಗಳ ಪ್ರಯೋಗಕ್ಕೆ ಬೆಲೆ ಬರುವುದು ಇಲ್ಲೇ. ಅವಕ್ಕೆ ಅಕ್ಯುಪಂಕ್ಚರ್ ಮೇಲೆ ನಂಬಿಕೆಯೂ ಇಲ್ಲ, ಅಪನಂಬಿಕೆಯೂ ಇಲ್ಲ. 2021ರಲ್ಲಿ ಹಾರ್ವರ್ಡ್‌ನ ಚ್ಯೂಫು ಮಾ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದ ವಿಷದಿಂದ ಉರಿಯೂತ ಎದ್ದ ಇಲಿಗಳ ಹಿಂಗಾಲಿನ ‘ಝೂ ಸಾನ್ ಲಿ’ಗೆ 0.5 ಮಿಲಿಆಂಪಿಯರ್ ಕರೆಂಟ್ ಕೊಟ್ಟರು. ಸುದ್ದಿ ಮಿದುಳಿಗೇರಿ, ವೇಗಸ್ ನರದ ಮೂಲಕ ಕಿಡ್ನಿಯ ಮೇಲಿನ ಅಡ್ರಿನಲ್ ಗ್ರಂಥಿಗಿಳಿದು, ಅದು ಸುರಿಸಿದ ರಾಸಾಯನಿಕಗಳಿಂದ ಉರಿಯೂತ ತಗ್ಗಿತು. ಅಷ್ಟೇ ಕರೆಂಟನ್ನು ಹೊಟ್ಟೆಯ ಬಿಂದುವಿಗೆ ಕೊಟ್ಟರೆ ಏನೂ ಆಗಲಿಲ್ಲ. ಈ ಕೆಲಸಕ್ಕೆ ಬೇಕಾದ ಒಂದು ಜಾತಿಯ ನರಕೋಶಗಳು ಕಾಲಿನ ಆಳದಲ್ಲಿ ಹರಡಿವೆ, ಹೊಟ್ಟೆಯ ಪದರದಲ್ಲಿಲ್ಲ. ಅವನ್ನು ನಾಶಮಾಡಿದ ಇಲಿಗಳಲ್ಲಿ ಕಾಲಿನ ಚಿಕಿತ್ಸೆಯೂ ಫಲಿಸಲಿಲ್ಲ. ಬಿಂದುವಿನ ಜಾಗಕ್ಕೆ ಅರ್ಥ ಬಂದದ್ದು ಜೀವಶಕ್ತಿಯಿಂದಲ್ಲ, ನರಗಳ ಹಂಚಿಕೆಯಿಂದ.

ಆದ್ದರಿಂದ ಅಕ್ಯುಪಂಕ್ಚರ್ ಬಗ್ಗೆ ‘ನಿಜವೋ, ಬೂಟಾಟಿಕೆಯೋ’ ಎಂದು ಒಟ್ಟಾಗಿ ಕೇಳುವುದರಲ್ಲಿ ಅರ್ಥವಿಲ್ಲ. ಯಾವ ಕಾಯಿಲೆಗೆ, ಯಾವ ನರದ ಮೂಲಕ, ಹುಸಿ ಸೂಜಿಗಿಂತ ಎಷ್ಟು ಹೆಚ್ಚು ಎಂದು ಕೇಳಬೇಕು. ಬಹುಕಾಲದ ಸೊಂಟನೋವಿಗೆ, ಮಂಡಿನೋವಿಗೆ, ತಲೆನೋವಿಗೆ ಹೊಸ ಸೂಜಿ ಬಳಸುವ ನುರಿತವರ ಬಳಿ ಹೋಗಿ ನೋಡುವುದರಲ್ಲಿ ತಪ್ಪಿಲ್ಲ. ನುರಿಯದವರು ಎದೆಗೆ ಚುಚ್ಚಿದ ಸೂಜಿ ಶ್ವಾಸಕೋಶ ತೂತು ಮಾಡಿದ್ದೂ ಉಂಟು. ಕ್ಯಾನ್ಸರನ್ನೇ ಗುಣಪಡಿಸುತ್ತೇವೆ, ಇನ್ಸುಲಿನ್ ಬಿಟ್ಟುಬಿಡಿ ಎನ್ನುವವರಿದ್ದರೆ, ಮೇಲೆ ಹೇಳಿದ ಯಾವ ಪ್ರಯೋಗವೂ ಅವರ ಬೆನ್ನಿಗಿಲ್ಲ.